ಮೇ ತಿಂಗಳ ಕೆಲಸಕ್ಕೂ ಒಂದು ಲೆಕ್ಕ

ನಮ್ಮ ಕಡೆ ಮಳೆ ಹಿಡಿಯುವುದು ಜೂನ್‌ನಲ್ಲಿ, ಮಳೆಗಾಲದ ಕೆಲಸ ಹಿಡಿಯುವುದು ಮೇ ತಿಂಗಳಲ್ಲಿ. ಸಾಗರ, ಹೊಸನಗರ, ಸಿದ್ದಾಪುರ, ಸಿರಸಿ ಕಡೆಯ ಯಾವ ಅಡಿಕೆ ತೋಟದ ಮನೆಗೆ ಬೇಕಾದರೂ ಹೋಗಿ ನೋಡಿ, ಈ ತಿಂಗಳು ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಾಪೆಯ ಮೇಲೆ ಹಪ್ಪಳ, ಅದರಾಚೆ ಮುರುಗಲು ಸಿಪ್ಪೆ, ಗೋಡೆಯ ಬದಿಗೆ ಒಡೆದು ಹಾಕಿದ ಸೌದೆ, ತಂತಿಯ ಮೇಲೆ ಕಂಬಳಿ, ಗೋದಡಿ. ಇನ್ನು ನಾಲ್ಕು ತಿಂಗಳು ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ. ಒಣಗಬೇಕಾದದ್ದೆಲ್ಲ ಈಗಲೇ ಒಣಗಬೇಕು.

ಕಳೆದ ಮೇ ತಿಂಗಳಲ್ಲಿ ನಾನು ಮಾಡಿದ ಕೆಲಸವನ್ನೆಲ್ಲ ಬರೆದಿಟ್ಟೆ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಹಸು ಗಬ್ಬ ಕಟ್ಟಿದ ದಿನ ಗುರುತು ಮಾಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದರ ಕೆಳಗೇ ಆ ದಿನದ ಕೆಲಸವನ್ನೂ ಬರೆಯತೊಡಗಿದೆ. ಎರಡು ದಿನಕ್ಕೇ ಜಾಗ ಸಾಲದಾಯಿತು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗೆ ಹೋದೆ. ಇದಕ್ಕೆ ಕಾರಣ ನನ್ನ ನಾದಿನಿಯ ಮಗಳು. ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ, ರಜೆಗೆ ಅಜ್ಜನ ಮನೆ ಎಂದು ಬಂದಿದ್ದಳು. ಹಲಸಿನ ತೊಳೆ ಬಿಡಿಸುತ್ತ ಕೂತಿದ್ದಾಗ, “ಅತ್ತೆ, ದಿನಕ್ಕೆ ನೀವು ಎಷ್ಟು ಹೊತ್ತು ಕೆಲಸ ಮಾಡ್ತೀರಿ?” ಎಂದಳು. “ಹಾಗೆ ಕೇಳಿದರೆ ಹೇಗೆ ಹೇಳಲಿ, ಎದ್ದಾಗಿನಿಂದ ಮಲಗುವವರೆಗೆ” ಎಂದೆ. “ಸರ್ಕಾರ ಇದನ್ನೂ ಅಳೆಯುತ್ತೆ ಗೊತ್ತಾ?” ಎಂದು ಅವಳು ಹೇಳಿದಾಗ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕೇಳಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸ ಎಂಥದ್ದು ಎಂಬುದು ಗೊತ್ತಾಗಬೇಕು.

ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ಎಣ್ಣೆಯಲ್ಲಿ ಕರಿದು ಬಾಳೆಲೆಯ ತುದಿಗೆ ಹಾಕಿದ ಹಪ್ಪಳ ಒಂದು ಕ್ಷಣದಲ್ಲಿ ಮುಗಿದುಹೋಗುತ್ತದೆ. ಅದು ಅಲ್ಲಿಗೆ ಬಂದ ದಾರಿ ದೊಡ್ಡದು. ಹಪ್ಪಳಕ್ಕೆ ಬಕ್ಕೆ ಹಲಸು ಆಗಬೇಕು, ಮೆತ್ತನೆಯ ತೊಳೆಯ ಹಲಸು ಬರುವುದಿಲ್ಲ. ಅದೂ ಹಣ್ಣಾಗಿರಬಾರದು, ಬಲಿತಿರಬೇಕು. ಒಂದು ದಿನ ತಡವಾದರೂ ಸಿಹಿ ಇಳಿಯುತ್ತದೆ, ಸಿಹಿ ಇಳಿದ ತೊಳೆಯ ಹಪ್ಪಳ ಕರಿದರೆ ಕೆಂಪಗಾಗಿ ಕಹಿ ಬರುತ್ತದೆ. ಹಾಗಾಗಿ ಮರದ ಕೆಳಗೆ ನಿಂತು ಕಾಯನ್ನು ತಟ್ಟಿ ಸದ್ದು ಕೇಳುವವರು ಬೇಕು. ನಮ್ಮ ಮನೆಯಲ್ಲಿ ಅದು ಅತ್ತೆಯವರ ಕೆಲಸ. ಎಂಬತ್ತು ದಾಟಿದ ಅವರು ಕೋಲೂರಿಕೊಂಡು ಬಂದು, ತಟ್ಟಿ ನೋಡಿ, “ಇದು ಇವತ್ತು, ಅದು ನಾಡಿದ್ದು” ಎಂದು ಹೇಳಿ ಹೋಗುತ್ತಾರೆ. ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಕಾಯಿ ಕೊಯ್ದು ತಂದ ಮೇಲೆ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಸೀಳಿ, ಗೂಂಜು ತೆಗೆದು, ತೊಳೆ ಬಿಡಿಸಿ, ಬೇಳೆ ಬೇರೆ ಮಾಡಿ, ತೊಳೆಯನ್ನು ಹಬೆಯಲ್ಲಿ ಬೇಯಿಸಬೇಕು. ನೀರು ತಾಗಬಾರದು. ಬೆಂದದ್ದನ್ನು ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ಈಗ ಗ್ರೈಂಡರ್ ಇದೆ, ಕೈಗೆ ಸ್ವಲ್ಪ ಬಿಡುವಾಗಿದೆ. ಆದರೆ ಆರಿದ ಹಿಟ್ಟು ಒತ್ತಲು ಬರುವುದಿಲ್ಲ ಎಂಬುದು ಮಾತ್ರ ಬದಲಾಗಿಲ್ಲ. ಹಿಟ್ಟು ಉಂಡೆಯಾದ ಕೂಡಲೇ ಮನೆಯಲ್ಲಿದ್ದವರೆಲ್ಲ ಕೂರಬೇಕು. ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಒಬ್ಬರು ಚಾಪೆಗೆ ಹಾಕುವುದು, ಮಕ್ಕಳು ಕಾಗೆ ಕಾಯುವುದು. ಸಂಜೆ ಅರೆ ಒಣಗಿದ ಹಪ್ಪಳವನ್ನು ಚಾಪೆಯಿಂದ ಬಿಡಿಸಿ ತಿರುವಿ ಹಾಕಬೇಕು. ಮೋಡ ಕಂಡರೆ ಒಳಗೆ, ಬಿಸಿಲು ಬಂದರೆ ಹೊರಗೆ. ಮೇ ತಿಂಗಳ ಮಧ್ಯಾಹ್ನ ಗುಡುಗು ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಅಂಗಳದ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ಉಳಿದ ಕೆಲಸವೆಲ್ಲ ಆಗಬೇಕು. ಒಣಗಿದ ಮೇಲೆ ಕಟ್ಟು ಕಟ್ಟಿ ಡಬ್ಬಕ್ಕೆ. ಅದರಲ್ಲಿ ಬೆಂಗಳೂರಿಗೆ ಹೋಗುವ ಕಟ್ಟು ಬೇರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕಟ್ಟು ಬೇರೆ, ಶ್ರಾದ್ಧದ ಊಟಕ್ಕೆ ತೆಗೆದಿಡುವುದು ಬೇರೆ.

ಬಿಡಿಸಿಟ್ಟ ಬೇಳೆಗೂ ಕೆಲಸವಿದೆ. ಅದನ್ನು ತೊಳೆದು, ಕೆಮ್ಮಣ್ಣು ಸವರಿ ಇಟ್ಟರೆ ಆಷಾಢದ ಸಾರಿಗೆ, ಹುಳಿಗೆ ಆಗುತ್ತದೆ. ತರಕಾರಿ ಗಾಡಿ ಬಾರದ ದಿನಗಳಲ್ಲಿ ಊಟ ನಡೆಯುವುದು ಇದರ ಮೇಲೆಯೇ.

ಮಿಡಿಯದ್ದು ಇನ್ನೊಂದು ಬಗೆ. ಅಪ್ಪೆಮಿಡಿ ಮೇ ತಿಂಗಳ ಬೆಳೆಯಲ್ಲ, ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಹೊಳೆಯಂಚಿನ, ಹಳ್ಳದ ದಂಡೆಯ ಕಾಡುಮಾವಿನ ಮರಗಳು ಇವು. ಶರಾವತಿ, ವರದಾ, ಅಘನಾಶಿನಿ ಹರಿಯುವ ಕಡೆಯೆಲ್ಲ ಇವೆ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಅದಕ್ಕೇ ಜನ ಮರಕ್ಕೆ ಹೆಸರಿಟ್ಟಿದ್ದಾರೆ: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ತಳಿಗಳನ್ನು ಕಲೆಹಾಕಿ ಬೆಳೆಸಿದೆ. ರಿಪ್ಪನ್‌ಪೇಟೆಯಲ್ಲಿ ಮಿಡಿ ವ್ಯಾಪಾರದ ಕಾಲಕ್ಕೆ ಹೋದರೆ ರಸ್ತೆಯೇ ಘಮ್ಮೆನ್ನುತ್ತಿರುತ್ತದೆ. ಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗಿ ಕೊಳೆಯುತ್ತದೆ, ತೊಟ್ಟು ಮುರಿದರೆ ಸೊನೆ ಹೋಗುತ್ತದೆ. ಹಾಗಾಗಿ ಕೊಯ್ಯುವವರು ಮರ ಹತ್ತಿ, ಚೀಲಕ್ಕೆ ತುಂಬಿ, ಹಗ್ಗದಲ್ಲಿ ಇಳಿಸುತ್ತಾರೆ. ಮನೆಗೆ ತಂದು ಕಲ್ಲುಪ್ಪಿನಲ್ಲಿ ಹಾಕಿಟ್ಟ ಮಿಡಿ ದಿನ ಕಳೆದಂತೆ ನೀರು ಬಿಟ್ಟು ಮುರುಟುತ್ತದೆ. ಪೂರ್ತಿ ಮುರುಟಿದ ಮೇಲೆ ಖಾರ ಕಡೆಯುವ ಕೆಲಸ, ಅದು ಮೇ ತಿಂಗಳಿಗೆ ಬಂದು ನಿಲ್ಲುತ್ತದೆ. ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಅದರಲ್ಲೇ ಅರೆದು, ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಬೇಕು. ಒಂದು ಹನಿ ಹಸಿನೀರು ಬಿದ್ದರೂ ಭರಣಿಯೇ ಹಾಳು. ಉಪ್ಪಿನಕಾಯಿ ಕಡೆಯುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು ಎಂದು ಅತ್ತೆ ಹೇಳುತ್ತಾರೆ. ನನಗೆ ಅಂಥ ದಿನ ಸಿಕ್ಕಿಲ್ಲ. ಆ ದಿನವೂ ಕೊಟ್ಟಿಗೆ ಇದೆ, ಅಡುಗೆ ಇದೆ, ಬಂದವರಿಗೆ ಚಹಾ ಇದೆ.

ಮುರುಗಲು, ಸೌದೆ, ದರಕು ಇವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು, ಮಾಡಿ ಮುಗಿಸುವುದು ಹಾಗಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಲು ಸೊಪ್ಪಿನಬೆಟ್ಟದಿಂದ ತಂದ ಒಣ ಎಲೆ ಮಳೆಗೆ ಮೊದಲೇ ಸೂರಿನಡಿ ಸೇರಬೇಕು. ಬಚ್ಚಲ ಒಲೆಗೆ ಬೇಕಾದ ಸೌದೆ ಗಾತ್ರ ನೋಡಿ ಜೋಡಿಸಬೇಕು, ಸಣ್ಣದು ಕೈಗೆ ಸಿಗುವಂತೆ ಮುಂದೆ, ದಪ್ಪದ್ದು ಹಿಂದೆ. ಮುರುಗಲು ಹಣ್ಣನ್ನು ಒಡೆದು ಸಿಪ್ಪೆಯನ್ನು ಅದರ ರಸದಲ್ಲೇ ಅದ್ದಿ ಅದ್ದಿ ಒಣಗಿಸಬೇಕು. ಬೀಜವನ್ನೂ ಎಸೆಯುವುದಿಲ್ಲ, ಅದರಿಂದ ತುಪ್ಪ ತೆಗೆಯುತ್ತಾರೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಔಷಧ ನಮ್ಮಲ್ಲಿ ಇಲ್ಲ.

ಇದರ ನಡುವೆ ತೋಟದ ಕೆಲಸ. ಮಳೆ ಹಿಡಿಯುವ ಮೊದಲು ಬಸಿಗಾಲುವೆಯ ಹೂಳೆತ್ತಬೇಕು, ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ ತಂದಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದು ಬೋರ್ಡೋ ದ್ರಾವಣ. ಇದನ್ನು ಹೊತ್ತಿಗೆ ಸರಿಯಾಗಿ ಹೊಡೆಯದಿದ್ದರೆ ಆಷಾಢದಲ್ಲಿ ಎಳೆ ಅಡಿಕೆ ಮರದಡಿ ಹಾಸಿಬಿಡುತ್ತದೆ. ಇವರು ತೋಟದ ಲೆಕ್ಕದ ಪುಸ್ತಕವನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಕಾಲುವೆ ತೆಗೆದವರ ಕೂಲಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಮುಂಗಡ, ಮೈಲುತುತ್ತದ ದರ, ಪೈಪಿನ ರಿಪೇರಿ, ಎಲ್ಲಕ್ಕೂ ತಾರೀಖು ಇದೆ. ಆ ಪುಸ್ತಕವನ್ನು ನನ್ನ ನೋಟ್‌ಬುಕ್ಕಿನ ಪಕ್ಕ ಇಟ್ಟು ಓದಿದೆ. ಕಾಲುವೆ ಕೆಲಸದ ದಿನ ಅಲ್ಲಿ ಕೂಲಿ ಇತ್ತು, ಇಲ್ಲಿ ಬೆಳಗಿನ ಆಸರಿ, ಹತ್ತು ಗಂಟೆಯ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಚಹಾ ಇತ್ತು. ಎರಡೂ ಒಂದೇ ತೋಟಕ್ಕಾಗಿ ನಡೆದ ಕೆಲಸ. ಒಂದು ಅಡಿಕೆಯ ಖರ್ಚಿಗೆ ಸೇರುತ್ತದೆ, ಇನ್ನೊಂದು ಎಲ್ಲಿಗೂ ಸೇರುವುದಿಲ್ಲ. ನಾನು ಇದನ್ನು ತೋರಿಸಿದಾಗ ಇವರು ಸ್ವಲ್ಪ ಹೊತ್ತು ಎರಡನ್ನೂ ನೋಡಿ, “ಇದು ನನ್ನ ಲೆಕ್ಕಕ್ಕೆ ಬಂದೇ ಇಲ್ಲವಲ್ಲ” ಎಂದರು. ಮಾರನೇ ದಿನದಿಂದ ಊಟಕ್ಕೆ ಇದ್ದವರ ಸಂಖ್ಯೆಯೂ ಪುಸ್ತಕದಲ್ಲಿ ಬರುತ್ತಿದೆ.

ಮೇ ಎಂದರೆ ಮದುವೆ, ಉಪನಯನದ ತಿಂಗಳೂ ಹೌದು. ನೆಂಟರ ಮನೆಗೆ ಹೋಗದಿದ್ದರೆ ನಡೆಯದು, ಹೋಗಬೇಕೆಂದರೆ ಹಸು ಕರೆಯಲು ಯಾರನ್ನಾದರೂ ಗೊತ್ತು ಮಾಡಬೇಕು. ತಿಂಗಳ ಕೊನೆಗೆ ಶಾಲೆ. ಮಗಳಿಗೆ ಹೊಸ ಯೂನಿಫಾರ್ಮ್ ಹೊಲಿಸಬೇಕು, ಪುಸ್ತಕಕ್ಕೆ ಬೈಂಡ್ ಹಾಕಬೇಕು, ಹೋದ ವರ್ಷದ ರೇನ್‌ಕೋಟ್ ಆಗುತ್ತದೆಯೇ ನೋಡಬೇಕು.

ಈಗ ಆ ಹುಡುಗಿ ಹೇಳಿದ ವಿಷಯ. ಜನ ತಮ್ಮ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಯಾವ ಯಾವ ಕೆಲಸಕ್ಕೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಸಮೀಕ್ಷೆ ಮಾಡುತ್ತದೆ. ಸಮಯ ಬಳಕೆ ಸಮೀಕ್ಷೆ ಎಂದು ಅದರ ಹೆಸರು. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದಿತ್ತು, ಆಗ ಕರ್ನಾಟಕ ಇರಲಿಲ್ಲ. ಇಡೀ ದೇಶಕ್ಕೆ ಮೊದಲ ಸಲ ನಡೆದದ್ದು 2019ರಲ್ಲಿ, ಎರಡನೆಯದು 2024ರಲ್ಲಿ. 2024ರಲ್ಲಿ 1,39,487 ಮನೆಗಳಿಗೆ ಹೋಗಿ, 6 ವರ್ಷ ದಾಟಿದ ಪ್ರತಿಯೊಬ್ಬರ ದಿನಚರಿ ಕೇಳಿದರು. ಹಿಂದಿನ ದಿನ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಈ ದಿನ ಬೆಳಗಿನ ಜಾವ ನಾಲ್ಕರವರೆಗೆ, ಅರ್ಧ ಅರ್ಧ ಗಂಟೆಯಾಗಿ ಭಾಗ ಮಾಡಿ, ಪ್ರತಿ ಅರ್ಧ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರೆ.

ಬಂದ ಉತ್ತರ ಹೀಗಿದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಇದೇ ಲೆಕ್ಕ 299 ಮತ್ತು 97 ಇತ್ತು. ಈ ಅಂಕಿಯನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಇದು ಎಲ್ಲ ಹೆಂಗಸರ, ಎಲ್ಲ ಗಂಡಸರ ಸರಾಸರಿಯಲ್ಲ. ಆ ದಿನ ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಉಳಿದ ಮುಕ್ಕಾಲು ಪಾಲು ಗಂಡಸರು ಆ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವುದು ಇದರಿಂದ ಬೇರೆ. 15ರಿಂದ 59 ವಯಸ್ಸಿನವರಲ್ಲಿ ಅಂಥ ಆರೈಕೆ ಮಾಡಿದ ಹೆಂಗಸರ ಪಾಲಿಗೆ ದಿನಕ್ಕೆ 140 ನಿಮಿಷ, ಗಂಡಸರ ಪಾಲಿಗೆ 74.

ಈ ಸಮೀಕ್ಷೆಯ ಬಗ್ಗೆ ನನಗೆ ಗೌರವವಿದೆ. ದೇಶದ ಅಡುಗೆಮನೆಗಳ ಬಾಗಿಲಿಗೆ ಹೋಗಿ ಕೇಳಿದರಲ್ಲ, ಅದೇ ದೊಡ್ಡದು. ವರ್ಷವಿಡೀ ಬೇರೆ ಬೇರೆ ಮನೆಗೆ ಹೋಗುವುದರಿಂದ ಎಲ್ಲ ಕಾಲದ ಕೆಲಸವೂ ಒಟ್ಟು ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಸೇರುತ್ತದೆ. ಆದರೂ ನನ್ನ ನೋಟ್‌ಬುಕ್ ನೋಡಿದಾಗ ಒಂದು ಮನೆಯ ಕೆಲಸ ಒಂದು ದಿನದಲ್ಲಿ ಕಾಣುವುದಿಲ್ಲ ಎಂಬುದು ಖಚಿತವಾಯಿತು. ಹಪ್ಪಳದ ದಿನ ಬಂದವರಿಗೆ ನಾನು ಬೇರೆಯವಳಾಗಿ ಕಾಣುತ್ತೇನೆ, ಮದುವೆಮನೆಗೆ ಹೋದ ದಿನದ ಮಾರನೇ ಬೆಳಿಗ್ಗೆ ಬಂದವರಿಗೆ ಬೇರೆಯವಳಾಗಿ. ಇನ್ನೊಂದು ತೊಡಕು ಇದೆ. ಹತ್ತು ನಿಮಿಷಕ್ಕಿಂತ ಕಡಿಮೆ ಹಿಡಿದ ಕೆಲಸವನ್ನು ಅವರು ಬರೆದುಕೊಳ್ಳುವುದಿಲ್ಲ. ಲೆಕ್ಕ ಇಡುವವರಿಗೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ನನ್ನ ದಿನ ಕಳೆಯುವುದೇ ಅಂಥ ಕೆಲಸಗಳಲ್ಲಿ. ಅಂಗಳಕ್ಕೆ ಓಡಿ ಹಪ್ಪಳ ಒಳಗೆ ತಂದದ್ದು, ಅತ್ತೆಗೆ ಮಾತ್ರೆ ಕೊಟ್ಟದ್ದು, ಕರುವಿನ ಹಗ್ಗ ಬಿಡಿಸಿದ್ದು, ಒಲೆಯ ಬೆಂಕಿ ಮುಂದೆ ಮಾಡಿದ್ದು, ಯಾವುದೂ ಹತ್ತು ನಿಮಿಷದ್ದಲ್ಲ. ನೆನಪಿಟ್ಟುಕೊಳ್ಳುವ ಕೆಲಸವಂತೂ ಯಾವ ಪಟ್ಟಿಗೂ ಬರುವುದಿಲ್ಲ. ಯಾವ ಭರಣಿ ಖಾಲಿ, ಯಾರ ಮನೆ ಮದುವೆ ಯಾವತ್ತು, ಮಾತ್ರೆ ಎಷ್ಟು ಉಳಿದಿದೆ, ಬಕ್ಕೆ ಹಲಸಿನ ಮರದಲ್ಲಿ ಬಲಿತದ್ದು ಎಷ್ಟಿದೆ, ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಸಾಂಬಾರಿಗೆ ಉಪ್ಪು ಹಾಕುವುದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜನಗಣತಿ. 2011ರ ಜನಗಣತಿಯಲ್ಲಿ ಮನೆಗೆಲಸವನ್ನು ಕೆಲಸ ಮಾಡದವರ ಪಟ್ಟಿಯಲ್ಲಿ ಇಟ್ಟಿದ್ದರು, ವಿದ್ಯಾರ್ಥಿ, ಪಿಂಚಣಿದಾರ, ಭಿಕ್ಷುಕರ ಜೊತೆಗೆ. ಆದರೆ ಅದೇ ಜನಗಣತಿ, ಹಾಲನ್ನು ಮನೆಯ ಬಳಕೆಗೇ ಉತ್ಪಾದಿಸಿದರೂ ಅದು ಕೆಲಸ ಎಂದು ಒಪ್ಪಿತ್ತು. ಅಂದರೆ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವಾಗ ನಾನು ದುಡಿಯುವವಳು. ಅದೇ ಹಾಲನ್ನು ಒಳಗೆ ತಂದು ಕಾಯಿಸಿ, ಹೆಪ್ಪು ಹಾಕಿ, ಎಲ್ಲರಿಗೂ ಬಡಿಸುವಾಗ ಅಲ್ಲ. ಅರ್ಥಶಾಸ್ತ್ರದವರ ವಿವರಣೆ ಏನೆಂದರೆ ಹಾಲು, ಸೌದೆ, ಹಪ್ಪಳ ಇವೆಲ್ಲ ವಸ್ತುಗಳು, ಮಾರಲೂಬಹುದು. ಅಡುಗೆ, ಬಡಿಸುವುದು, ತೊಳೆಯುವುದು ಸೇವೆ, ಮಾಡಿದ ಕೂಡಲೇ ಬಳಕೆಯಾಗಿಬಿಡುತ್ತದೆ. ದೇಶದ ಉತ್ಪನ್ನದ ಲೆಕ್ಕಕ್ಕೆ ಮೊದಲನೆಯದು ಸೇರುತ್ತದೆ, ಎರಡನೆಯದು ಸೇರುವುದಿಲ್ಲ. ಲೋಕವೆಲ್ಲ ಒಪ್ಪಿದ ಪದ್ಧತಿ ಇದು. ಲೆಕ್ಕಕ್ಕೆ ಅನುಕೂಲ ಇರಬಹುದು, ನ್ಯಾಯ ಇಲ್ಲ. ನಮ್ಮ ತೋಟದ ಕಾಲುವೆ ತೆಗೆಯಲು ಬಂದ ಎಂಟು ಜನ ಕೆಸರಿನಲ್ಲಿ ಇಡೀ ದಿನ ನಿಂತು ದುಡಿಯಲು ಬಲ ಬಂದದ್ದು ಊಟದಿಂದ.

ನ್ಯಾಯಾಲಯ ಇದನ್ನು ಸ್ವಲ್ಪ ಮಟ್ಟಿಗೆ ಕಂಡಿದೆ. 1989ರ ಜಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಡುವಾಗ, ಗೃಹಿಣಿಯರು ಮನೆಗೆ ಸಲ್ಲಿಸುವ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಹಿಡಿದು ಪರಿಹಾರ ಲೆಕ್ಕ ಹಾಕಿತು. 2021ರ ಜನವರಿ 5ರಂದು ಇನ್ನೊಂದು ತೀರ್ಪು ಬಂತು, ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಯ ಪ್ರಕರಣ ಅದು. ಅದರಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಪ್ರತ್ಯೇಕ ಅಭಿಪ್ರಾಯ ಬರೆದು, ಇದೇ ಸಮಯ ಬಳಕೆ ಸಮೀಕ್ಷೆಯ 299 ಮತ್ತು 97 ನಿಮಿಷದ ಅಂಕಿಯನ್ನು ಎತ್ತಿ ತೋರಿಸಿ, ಗೃಹಿಣಿಯ ದುಡಿಮೆಗೂ ಆದಾಯ ಲೆಕ್ಕ ಹಾಕಬೇಕು ಎಂದರು. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ನಿಮಿಷಗಳು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಂತವು. ಬರೆದದ್ದಕ್ಕೆ ಬಲವಿದೆ ಎಂದು ನಾನು ನಂಬುವುದು ಇದಕ್ಕೇ. ಆದರೆ ಈ ಎರಡೂ ಲೆಕ್ಕ ಹೆಂಗಸು ಸತ್ತ ಮೇಲಿನದು ಎಂಬುದು ಮನಸ್ಸಿಗೆ ನೋವು ಕೊಡುತ್ತದೆ. ಬದುಕಿರುವಾಗಲೇ ಆ ಬೆಲೆ ಮನೆಯವರಿಗೆ ತಿಳಿದಿರಬೇಕು.

ನಾನು ಕೂಲಿ ಕೇಳುತ್ತಿಲ್ಲ. ಹಪ್ಪಳ ಒತ್ತುವ ದಿನ ಮನೆ ತುಂಬ ಜನ ಸೇರಿ ಮಾತಾಡುತ್ತ ನಗುತ್ತ ಕೂರುತ್ತೇವಲ್ಲ, ಆ ಸಂತೋಷ ನನಗೆ ಬೇಕು. ಮಳೆ ಹೊಯ್ಯುವ ರಾತ್ರಿ ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ ಕಚ್ಚುವಾಗ ಅತ್ತೆ ತಲೆದೂಗುತ್ತಾರಲ್ಲ, ಅದೂ ಬೇಕು. ಈ ವರ್ಷ ತೊಳೆ ಬಿಡಿಸಲು ನಾದಿನಿಯ ಮಗನೂ ಕೂತ, ಮೇಣ ಮೆತ್ತಿಕೊಂಡರೂ ಎದ್ದುಹೋಗಲಿಲ್ಲ, ಸಂಜೆಯವರೆಗೆ ಇದ್ದ. ಗಂಡುಮಕ್ಕಳು ಹಾಗೆ ಕೂರುವುದು ನಮ್ಮ ಮನೆಯಲ್ಲಿ ಹೊಸದು. ಕೆಲಸ ಹಂಚಿಕೊಳ್ಳುವುದು ಅಂಗಳದಲ್ಲೇ ಶುರುವಾಗಬೇಕು ಎಂದು ನನಗೆ ಅನ್ನಿಸುತ್ತದೆ, ಸರ್ಕಾರದ ಆದೇಶದಿಂದ ಆಗುವ ಕೆಲಸವಲ್ಲ ಅದು.

ಓದುವ ಅಕ್ಕತಂಗಿಯರಿಗೆ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಮೇ ತಿಂಗಳ ಬದಲು ಸುಗ್ಗಿಯ ತಿಂಗಳು ಇರಬಹುದು, ಜಾತ್ರೆಯ ತಿಂಗಳು ಇರಬಹುದು, ಪಟ್ಟಣದಲ್ಲಾದರೆ ಮಕ್ಕಳ ಪರೀಕ್ಷೆಯ ತಿಂಗಳು ಇರಬಹುದು. ಅಂಥ ಒಂದು ತಿಂಗಳ ಕೆಲಸವನ್ನು ಬರೆದಿಡಿ, ಬರೆದದ್ದನ್ನು ಮನೆಯವರಿಗೆ ಓದಿಸಿ. ಗಣತಿಗೋ ಸಮೀಕ್ಷೆಗೋ ಬಂದವರು “ನಿಮ್ಮ ಕೆಲಸ ಏನು?” ಎಂದು ಕೇಳಿದರೆ “ಏನಿಲ್ಲ, ಮನೇಲೇ ಇರ್ತೀನಿ” ಎನ್ನಬೇಡಿ. ಹಸು ಕರೆಯುವವರು ಯಾರು, ತೋಟಕ್ಕೆ, ಗದ್ದೆಗೆ ಇಳಿಯುವವರು ಯಾರು ಎಂಬುದನ್ನು ಬಿಡಿಸಿ ಹೇಳಿ. ಮನೆಯ ಗಂಡಸರು ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತಿದ್ದರೆ, ಈ ಪ್ರಶ್ನೆಗೆ ಮಾತ್ರ ಒಳಗಿದ್ದವರನ್ನು ಹೊರಗೆ ಕರೆದು ಅವರ ಬಾಯಿಂದಲೇ ಹೇಳಿಸಿ.